ಸಹಕರಿಸಿದ ಹುಲಿಗೆವ್ವ

ನಮ್ಮೂರಿನ ರಂಗಮಂದಿರದಲ್ಲಿ ಕಾರ್ಯಕ್ರಮಕ್ಕಾಗಿ ಕೆಲಸ ಮಾಡಿದವರು ವಂದನಾರ್ಪಣೆ ಆಗುವ ತನಕ ಹೊಸ್ತಿಲು ದಾಟುವಂತಿಲ್ಲ. ದಾಟುವಂತಿಲ್ಲ ಅಂದರೆ ಬಾಗಿಲಲ್ಲಿ ಯಾರೋ ಕೋಲು ಹಿಡಿದು ನಿಂತಿರುತ್ತಾರೆ ಅಂತಲ್ಲ. ಕಾಲು ದಾಟುವುದಿಲ್ಲ, ಅಷ್ಟೇ. ನೋಡಲು ಬಂದವರು ಬೇಕಾದಾಗ ಎದ್ದು ಹೋಗಬಹುದು. ಮಗು ಅತ್ತರೆ ಹೋಗಬಹುದು, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದರೆ ಹೋಗಬಹುದು, ನಾಟಕ ಹಿಡಿಸದಿದ್ದರೆ ಬೈದುಕೊಂಡು ಹೋಗಬಹುದು. ಆದರೆ ಖುರ್ಚಿ ಹಾಕಿದವನು, ಹಾರ ಕಟ್ಟಿದವಳು, ಹಾರ್ಮೋನಿಯಂ ನುಡಿಸಿದವನು, ಪಾತ್ರಧಾರಿಗಳಿಗೆ ಚಹಾ ಕಾಸಿ ಕೊಟ್ಟವಳು, ಇವರೆಲ್ಲ ಕಾರ್ಯಕ್ರಮ ನಡೆಸಿದವರ ಪರವಾಗಿ ಒಬ್ಬನು ಎದ್ದು ನಿಂತು ಹೆಸರು ಹಿಡಿದು, ಮಾಡಿದ ಕೆಲಸ ಹೇಳಿ, ಧನ್ಯವಾದ ಅನ್ನುವ ತನಕ ಒಳಗೇ ಇರಬೇಕು. ನಮ್ಮ ಅಜ್ಜನ ಕಾಲದಿಂದಲೂ ಹೀಗೇ.

ಇಪ್ಪತ್ತೆರಡು ವರ್ಷದಿಂದ ಹಾಗೆ ಎದ್ದು ನಿಲ್ಲುತ್ತಿರುವವನು ನಾನು, ಹಿಟ್ಟಿನ ಗಿರಣಿ ಗದಿಗೆಪ್ಪ. ಓದಿದ್ದು ನಾಲ್ಕನೆಯ ಇಯತ್ತೆ. ಗಿರಣಿಯ ಸದ್ದಿನ ಮೇಲೆ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಗಂಟಲು ಗಟ್ಟಿಯಾಗಿದೆ. ಮೈಕು ಕೈಕೊಟ್ಟರೂ ಹಿಂದಿನ ಸಾಲಿನವರೆಗೆ ಕೇಳುತ್ತದೆ. ಡಬ್ಬಿ ನೋಡಿಯೇ ಇದು ಯಾರ ಮನೆಯ ಜೋಳ, ಇದು ಯಾರ ಮನೆಯ ಗೋಧಿ ಅಂತ ಹೇಳುವವನಿಗೆ ಊರವರ ಹೆಸರು ನೆನಪಿಡುವುದೇನು ಕಷ್ಟ? ಆದರೂ ಒಮ್ಮೆ ತಬಲಾ ಶಿವಾನಂದನಿಗೆ ಹೇಳಿದ ಧನ್ಯವಾದ ಅಲ್ಲೇ ಕೂತಿದ್ದ ಚಕ್ಕಡಿ ಶಿವಾನಂದನಿಗೆ ತಗುಲಿ, ಪಾಪ, ತಬಲಾದವನು ಮರುದಿನ ಮಧ್ಯಾಹ್ನದವರೆಗೆ ಒಳಗೇ ಉಳಿದಿದ್ದ. ಅಂದಿನಿಂದ ನಾನು ಓಣಿ, ಮನೆತನ, ಮಾಡಿದ ಕೆಲಸ ಎಲ್ಲ ಸೇರಿಸಿಯೇ ಹೇಳುತ್ತೇನೆ. ಜನರೂ ಜಾಣರಾಗಿದ್ದಾರೆ. ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಗಿರಣಿಗೆ ಬಂದು, "ಯಣ್ಣಾ, ನನ್ನ ಹೆಸರ ಬರ್ಕೊಂಡಿಯಿಲ್ಲೋ? ಮನ್ಯಾಗ ದ್ವಾಸಿ ಹಿಟ್ಟ ರುಬ್ಬಿ ಇಟ್ಟೀನಿ, ಹುಳಿ ಬಂದು ಹೊರಗ ಬೀಳ್ತೈತಿ" ಅಂತ ಖಾತ್ರಿ ಮಾಡಿಕೊಂಡು ಹೋಗುತ್ತಾರೆ. ಕೊನೆಗೆ ನಾನು ನನಗೂ ಒಂದು ಧನ್ಯವಾದ ಹೇಳಿಕೊಂಡು ಮನೆಗೆ ಹೋಗುತ್ತೇನೆ. ಅದಕ್ಕೆ ಪ್ರತಿ ಸಲವೂ ನಗುತ್ತಾರೆ.

ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು ಮಾತ್ರ ತಮ್ಮ ಭಾಷಣ ಮುಗಿದ ಕೂಡಲೇ, ಇನ್ನೊಂದು ಕಾರ್ಯಕ್ರಮ ಇದೆ ಎಂದು ಎದ್ದು, ಶಾಲು ಸರಿಮಾಡಿಕೊಳ್ಳುತ್ತ ಹೊಸ್ತಿಲು ದಾಟಿ ಕಾರು ಹತ್ತುತ್ತಾರೆ. ಅವರನ್ನು ಯಾವುದೂ ಹಿಡಿಯುವುದಿಲ್ಲ. ಇದರ ಅರ್ಥ ಊರಿಗೆಲ್ಲ ಗೊತ್ತು. ಬಾಯಿಬಿಟ್ಟು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮೂರಿನ ದೊಡ್ಡ ರೋಗ ಅದು, ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳದಿರುವುದು. ನನಗೂ ಅದು ಇತ್ತು ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ಹುಲಿಗೆವ್ವ ಚಿತ್ರಗಾರ ನಮ್ಮೂರಿನ ನಾಟಕಗಳಿಗೆ ಪರದೆ ಬರೆಯುವವಳು. ಐವತ್ತೆರಡು ವರ್ಷ ವಯಸ್ಸು. ಅಪ್ಪನ ಹಿಂದೆ ಬಣ್ಣದ ಡಬ್ಬಿ ಹಿಡಿದು ಓಡಾಡಿ ಬೆಳೆದವಳು, ಅಪ್ಪ ತೀರಿದ ಮೇಲೆ ಕುಂಚ ತಾನು ಹಿಡಿದಳು. ಈ ವರ್ಷದ ನಗರೋತ್ಸವಕ್ಕೆ ಎರಡು ತಿಂಗಳು ರಂಗಮಂದಿರದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಐದು ಪರದೆ ಬರೆದಳು. ನಾಲ್ಕು ಎಲ್ಲ ಕಡೆ ಇರುವಂಥವು: ಅರಮನೆ, ಅಡವಿ, ಹೊಳೆದಂಡೆ, ಸೆರೆಮನೆ. ಐದನೆಯದು ಮಾತ್ರ ರಂಗಮಂದಿರದ ಎದುರಿಗೇ ಇರುವ ನಮ್ಮ ಕಾಯಿಪಲ್ಲೆ ಸಂತೆಯ ಓಣಿ. ಅದು ಕೆಳಗಿಳಿದಾಗ ರಂಗದ ಮೇಲೆ ಇನ್ನೂ ಒಂದು ಪಾತ್ರವೂ ಬಂದಿರಲಿಲ್ಲ, ಆಗಲೇ ಚಪ್ಪಾಳೆ. ಬದನೆಕಾಯಿ ಮಾರುವ ಸಾಂವಕ್ಕ ಖುರ್ಚಿಯ ಮೇಲೆ ಹತ್ತಿ ನಿಂತು, "ಏ, ನನ್ನ ಅಂಗಡಿ ನೋಡ್ರಲೇ! ತಕ್ಕಡಿ ಕಟ್ಟಿದ ಹರಕ ದಾರಾ ಸೈತ ಬರದಾಳ ನೋಡ್ರಿ!" ಎಂದು ಕೂಗಿದಳು. ನನ್ನ ಗಿರಣಿಯ ಬಾಗಿಲ ಮೇಲೆ ಕೂತ ಹಿಟ್ಟಿನ ಧೂಳನ್ನು ಕೂಡ ಆಕೆ ಬಿಟ್ಟಿರಲಿಲ್ಲ.

ಇಂಥ ಹುಲಿಗೆವ್ವ ಎರಡು ವರ್ಷದ ಹಿಂದೆ ಕಲಾವಿದರಿಗೆ ಕೊಡುವ ಗುರುತಿನ ಚೀಟಿ ಕೇಳಲು ಒಂದು ಕಚೇರಿಗೆ ಹೋಗಿದ್ದಳು. ಎಸ್ಸೆಸ್ಸೆಲ್ಸಿ ಆಗದವರಿಗೆ ಕಲಾವಿದೆ ಅಂತ ಬರೆದುಕೊಡಲು ಬರುವುದಿಲ್ಲ, ಕಲಾ ಸಹಾಯಕಿ ಅಂತ ಬೇಕಾದರೆ ಕೊಡುತ್ತೇವೆ ಅಂದರಂತೆ. ಅರ್ಜಿಯನ್ನು ಅಲ್ಲೇ ನಾಲ್ಕು ತುಂಡು ಮಾಡಿ, ಬರುವ ದಾರಿಯಲ್ಲೇ ಹತ್ತನೆಯ ತರಗತಿಯ ಪುಸ್ತಕಗಳನ್ನು ಕೊಂಡುಬಂದಳು. ಗಣಿತ, ವಿಜ್ಞಾನ ಎಲ್ಲ ಪಾಸಾಗಿ ಕನ್ನಡವೊಂದೇ ಉಳಿಯಿತು. ಎರಡು ಸಲ ಕೂತಳು, ಎರಡು ಸಲವೂ ಹಳೆಗನ್ನಡ ಮತ್ತು ವ್ಯಾಕರಣ ಆಕೆಯನ್ನು ಕೆಡವಿದವು. ಉತ್ಸವ ಮುಗಿಯುವುದು ಗುರುವಾರ, ಮೂರನೆಯ ಸಲದ ಪರೀಕ್ಷೆ ಅದರ ಮುಂದಿನ ಸೋಮವಾರ ಬೆಳಿಗ್ಗೆ. ಬರುವ ವರ್ಷದಿಂದ ಪಠ್ಯ ಬದಲಾಗುತ್ತದೆ, ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ನನ್ನ ಹೆಂಡತಿ ಪಾರವ್ವ ತನ್ನ ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದವಳು. ಆಕೆಯೇ ಹುಲಿಗೆವ್ವನಿಗೆ ಮಾಸ್ತರು. ನಮ್ಮ ಗಿರಣಿಯ ಹಿಂದೆ ಸಂಧಿ, ಸಮಾಸ, ಕರ್ತರಿ, ಕರ್ಮಣಿ ದಿನಾ ನಡೆಯುತ್ತಿತ್ತು.

"ಹುಲಿಗೆವ್ವ ಪರದೆಯನ್ನು ಬರೆದಳು. ಇದು ಕರ್ತರಿ. ಕರ್ಮಣಿಯೊಳಗ ಹೇಳು" ಎನ್ನುವಳು ಪಾರವ್ವ.

"ಹುಲಿಗೆವ್ವನಿಂದ ಪರದೆಯು ಬರೆಯಲ್ಪಟ್ಟಿತು. ಯಕ್ಕಾ, ಹಿಂಗ ಯಾರಾರ ಮಾತಾಡ್ತಾರೇನು?"

"ಮಾತಾಡಂಗಿಲ್ಲ. ಮಾರ್ಕ್ಸ ಕೊಡ್ತಾರ, ಬರಿ."

ಗುರುವಾರ ಸಂಜೆ ನಗರೋತ್ಸವದ ಸಮಾರೋಪ. ಉತ್ಸವ ಸಮಿತಿಯ ಅಧ್ಯಕ್ಷರು ಹತ್ತಿ ಮಿಲ್ಲಿನ ಅಂದಾನಪ್ಪ ಸಾಹುಕಾರರು. ನಾನು ಮೈಕಿನ ಹತ್ತಿರ ಹೋಗುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಚೀಟಿ ಕಸಿದುಕೊಂಡು, ನುಣುಪು ಕಾಗದದಲ್ಲಿ ಅಚ್ಚಾದ ಪಟ್ಟಿಯೊಂದನ್ನು ಕೊಟ್ಟರು. "ಗದಿಗೆಪ್ಪ, ಈ ಸಲ ಉದ್ದ ಎಳೀಬ್ಯಾಡ. ಓಣಿ, ಮನಿತನ ಏನೂ ಬ್ಯಾಡ. ಇದ್ದದ್ದನ್ನ ಓದಿ ಮುಗಿಸು."

ಓದತೊಡಗಿದೆ. ಮೊದಲ ಹಾಳೆಯಲ್ಲಿದ್ದಾಗಲೇ ಸಾಹುಕಾರರ ಅಳಿಯ ಮೃತ್ಯುಂಜಯ ಫೋನು ಕಿವಿಗಿಟ್ಟುಕೊಂಡು ಖುರ್ಚಿಗಳ ನಡುವಿನಿಂದ ನಡೆದು ಹೋಗಿ, ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ನಿಂತು ನಗುತ್ತ ಮಾತಾಡಿ ಮುಗಿಸಿ, ಮತ್ತೆ ಒಳಗೆ ಬಂದು ಕೂತ. ಸಭೆಯಲ್ಲಿದ್ದ ಅಷ್ಟೂ ಜನ ನೋಡಿದರು. ನಾನೂ ನೋಡಿದೆ. ಎರಡನೆಯ ಹಾಳೆ ತಿರುವಿದೆ. ಅಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಐದೂ ಪರದೆಗಳನ್ನು ರಚಿಸಿದ ಶ್ರೀ ಮೃತ್ಯುಂಜಯ ಅವರಿಗೆ ಹಾಗೂ ಸಹಕರಿಸಿದ ಶ್ರೀಮತಿ ಹುಲಿಗೆವ್ವ ಅವರಿಗೆ ಧನ್ಯವಾದಗಳು."

ತಲೆಯೆತ್ತಿ ಹುಲಿಗೆವ್ವನ ಕಡೆ ನೋಡಿದೆ. ಹಿಂದಿನಿಂದ ಸಾಹುಕಾರರು ಕೆಮ್ಮಿದರು. ನಾನು ಓದಿಬಿಟ್ಟೆ.

ಜನ ಕರಗಿದರು. ಖುರ್ಚಿಯವರು, ಹಾರ ಕಟ್ಟಿದವಳು, ಚಹಾದವಳು ಎಲ್ಲರೂ ಹೋದರು. ಹುಲಿಗೆವ್ವ ಬಾಗಿಲ ಹತ್ತಿರ ನಿಂತಿದ್ದಳು, ಚಪ್ಪಲಿಯ ತುದಿ ಹೊಸ್ತಿಲಿಗೆ ತಾಗಿತ್ತು. ಕಾಲು ಎತ್ತುವಳು, ಅಲ್ಲೇ ಇಡುವಳು.

"ಗದಿಗೆಪ್ಪಣ್ಣ, ನನಗ ಏನಂತ ಅಂದಿ ನೀ?"

"ಹೆಸರ ಹೇಳೀನಲ್ಲವ್ವ."

"ಹೆಸರ ಕೇಳ್ಸೇತಿ. ಏನ್ ಮಾಡೀನಿ ಅಂತ ಅಂದಿ?"

"ಸಹಕರಿಸಿದ..."

"ನಾ ಯಾರಿಗೆ ಸಹಕರಿಸೀನಿ?"

ನಾನು ರಂಗದ ಮೇಲೆ ಓಡಿದೆ. ಮೈಕು ಬಿಚ್ಚುತ್ತಿದ್ದ ರಾಜೇಸಾಬನನ್ನು ತಡೆದು, ಮತ್ತೆ ಹಚ್ಚಿಸಿ, ಗಂಟಲು ಹರಿಯುವಂತೆ ಕೂಗಿದೆ: "ಐದೂ ಪರದೆ ಬರೆದ ಹುಲಿಗೆವ್ವ ಚಿತ್ರಗಾರ ಅವರಿಗೆ ಧನ್ಯವಾದಗಳು!" ಖಾಲಿ ಖುರ್ಚಿಗಳು ಕೇಳಿಸಿಕೊಂಡವು. ಆಕೆಯ ಕಾಲು ಕದಲಲಿಲ್ಲ. ಸಮಾರಂಭ ಮುಗಿದಿತ್ತು, ಸಮಿತಿಯವರು ಹೋಗಿದ್ದರು, ನಾನು ಈಗ ಯಾರ ಪರವಾಗಿಯೂ ಮಾತಾಡುವವನಾಗಿರಲಿಲ್ಲ. ಬರೀ ಗಿರಣಿ ಗದಿಗೆಪ್ಪ.

ರಾಜೇಸಾಬ ಮೈಕಿನ ತಂತಿ ಸುತ್ತುತ್ತ, "ಕೆಲಸಾ ಮಾಡಿದಾಕಿ ಒಳಗ, ಮಾಡಿದೆ ಅಂದಾಂವ ಎರಡ ಸರ್ತಿ ಹೊರಗ" ಎಂದ. ಹೇಳಿದ್ದು ನನಗೆ, ನೋಡಿದ್ದು ತಂತಿಯನ್ನು.

ಶುಕ್ರವಾರ ಬೆಳಿಗ್ಗೆಯೇ ಸಾಹುಕಾರರ ಮನೆಗೆ ಹೋದೆ. ಪಡಸಾಲೆಯ ತೂಗುಮಣೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು.

"ಹೆಸರ ಹೇಳಿದ್ಯಲ್ಲೋ ಮಾರಾಯಾ. ಮತ್ತೇನ್ ಬೇಕಂತ ಆಕಿಗೆ?"

"ಕೆಲಸ ಹೇಳಿಲ್ರಿ ಸಾಹುಕಾರ್ರ. ಪರದೆ ಬರದಾಕಿ ಅಂತ ಹೇಳ್ರಿ, ಅಷ್ಟ. ಸೋಮವಾರ ಪರೀಕ್ಷೆ ಐತಿ ಆಕಿದು."

"ನೋಡು, ಪರಿಕಲ್ಪನೆ ಅಳಿಯಂದು. ಆಕಿ ಬಣ್ಣಾ ತುಂಬ್ಯಾಳ. ದೊಡ್ಡ ಊರಾಗ ಪ್ರದರ್ಶನ ಐತಿ, ಐದೂ ಪರದೆ ಅವನ ಹೆಸರಲೆ ಆರಿಸ್ಯಾರ. ಈಗ ನಾ ಆಕಿ ಬರದಾಳ ಅಂದ್ರ ಅಂವ ಏನಂತಾನ? ಮಗಳು ಏನಂತಾಳ?"

"ಅಂವ ಆ ತಗಡಿನ ಶೆಡ್ಡಿಗೆ ಒಂದ ದಿನಾನೂ ಬಂದಿಲ್ಲ. ನಿನ್ನಿ ವಂದನಾರ್ಪಣೆ ನಡದಾಗ ಹೊರಗ ಹೋಗಿ ಬಂದಾನ, ಊರ ನೋಡೇತಿ."

ಸಾಹುಕಾರರ ಮುಖ ಕೆಂಪಾಯಿತು. "ಫೋನ್ ಬಂದಿತ್ತು, ಹೋದಾ!" ಎಂದರು. ಫೋನು ಬಂದರೆ ಕಾಲು ಬಿಡುತ್ತದೆ ಅಂತ ನಾನು ಅಂದೇ ಕೇಳಿದ್ದು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಹೆಂಗಸರು ಆ ಹೊಸ್ತಿಲಲ್ಲಿ ನಿಂತು, ಮನೆಯಲ್ಲಿ ಅಳುವ ಕೂಸಿನ ಸದ್ದು ಓಣಿಯಿಂದ ಕೇಳುತ್ತಿದ್ದರೂ ದಾಟಲಾರದೆ ನನ್ನ ಬಾಯಿ ನೋಡಿದ್ದಾರೆ! ಕೂಸಿಗೆ ಬಿಡದ ಹೊಸ್ತಿಲು ಫೋನಿಗೆ ಬಿಡುತ್ತದೆಯೇ? ಆದರೂ ಕೈ ಮುಗಿದೆ. ಹುಲಿಗೆವ್ವನ ಬಿಡುಗಡೆ ಆ ಮನುಷ್ಯನ ಬಾಯಲ್ಲಿತ್ತು.

ಅಂತೂ ಹಿಡಿದು ಎಳೆದು ರಂಗಮಂದಿರಕ್ಕೆ ಕರೆತಂದೆ. ಹೊಸ್ತಿಲ ಆಚೆಗೇ ನಿಂತರು. ಈಚೆಗೆ ಹುಲಿಗೆವ್ವ, ಬಗಲಲ್ಲಿ ಪುಸ್ತಕ.

"ಅಮೂಲ್ಯ ಸಹಕಾರ ನೀಡಿದ ಹುಲಿಗೆವ್ವ ಅವರಿಗೆ ಧನ್ಯವಾದ" ಎಂದರು.

ಕಾಲು ಕದಲಲಿಲ್ಲ.

"ಅಪಾರ ಸಹಕಾರ ನೀಡಿದ."

ಇಲ್ಲ.

"ಹಗಲಿರುಳೆನ್ನದೆ ತನು ಮನದಿಂದ ತುಂಬು ಹೃದಯದ ಸಹಕಾರ..."

"ಸಾಹುಕಾರ್ರ" ಎಂದಳು ಹುಲಿಗೆವ್ವ, "ಎಷ್ಟ ವಿಶೇಷಣ ಹಚ್ಚಿದರೂ ಅಷ್ಟ ಐತ್ರಿ. ಕ್ರಿಯಾಪದ ಬದಲ ಮಾಡ್ರಿ."

ನಾನು ನಗು ತಡೆಯಲಾರದೆ ಕಂಬದ ಕಡೆಗೆ ತಿರುಗಿದೆ. ಸಾಹುಕಾರರು ನಗಲಿಲ್ಲ. "ಸೊಕ್ಕ ಬಾಳ ಆಗೇತಿ ನಿನಗ. ಕುಂದ್ರು ಒಳಗ, ಇಳೀಲಿ" ಎಂದು ಹೊರಟುಹೋದರು. ವ್ಯಾಕರಣ ಸರಿಯಾಗಿ ಬಂದದ್ದಕ್ಕೆ ಪಾರವ್ವ ಹೊಗಳಿದಳು, ಪರೀಕ್ಷೆಯಲ್ಲಿ ಇದೇ ಬಂದರೆ ಎರಡು ಅಂಕ ಖಾತ್ರಿ ಅಂದಳು. ಆದರೆ ಪರೀಕ್ಷೆ ಇದ್ದದ್ದು ಅರ್ಧ ಹರದಾರಿ ಆಚೆಯ ಹೈಸ್ಕೂಲಿನಲ್ಲಿ.

ಶನಿವಾರ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹತ್ತು ಗಂಟೆಗೆ ಒಂದು ಲಾರಿ ಬಂತು. ಅದರ ಜೊತೆ ಬಂದ ಪರ ಊರಿನ ಆಳುಗಳು ರಂಗದ ಮೇಲೆ ಹತ್ತಿ ಐದೂ ಪರದೆ ಇಳಿಸಿ, ಚಾಪೆಯ ಹಾಗೆ ಸುತ್ತಿ, ಹೆಗಲ ಮೇಲೆ ಹೊತ್ತುಕೊಂಡು ಹುಲಿಗೆವ್ವನ ಎದುರಿಗೇ ಹೊಸ್ತಿಲು ದಾಟಿದರು. ಪರದೆಗೇನು, ಅದನ್ನು ಯಾರೂ ಹಿಡಿಯುವುದಿಲ್ಲ. ಅರಮನೆ ಹೋಯಿತು, ಅಡವಿ ಹೋಯಿತು, ಕೊನೆಗೆ ನಮ್ಮ ಸಂತೆಯ ಓಣಿಯೂ ಹೋಯಿತು. ಪ್ರತಿಯೊಂದಕ್ಕೂ ಮೃತ್ಯುಂಜಯ ತಾನೇ ನಿಂತು ತನ್ನ ಹೆಸರಿನ ಚೀಟಿ ಅಂಟಿಸಿದ. ಬರೆದದ್ದು ಹೊರಗೆ ಹೋಯಿತು, ಬರೆದವಳು ಒಳಗೆ ಉಳಿದಳು. ಆಕೆ ಅಳಲಿಲ್ಲ. "ಏ ತಮ್ಮಾ, ಒಳಗಿನ ಮಡಿಕಿಗೆ ಹಾಳಿ ಹಾಕ್ರಪಾ, ಹೊಳಿ ಬಣ್ಣಾ ಇನ್ನೂ ಹಸಿ ಐತಿ" ಎಂದಷ್ಟೇ ಆಳುಗಳಿಗೆ ಕೂಗಿ ಹೇಳಿದಳು. ಮೃತ್ಯುಂಜಯನಿಗೆ ಅದೂ ಗೊತ್ತಿರಲಿಲ್ಲ. ಆಕೆ ಹೇಳಿದ ಮೇಲೆ ಹಾಳೆ ಹುಡುಕಲು ಓಡಿದ.

ಸಾಹುಕಾರರ ಮೇಲಿನ ಸಿಟ್ಟು ಒಂದು ತೂಕವಾದರೆ ಊರಿನ ಮೇಲಿನ ಸಿಟ್ಟು ಇನ್ನೊಂದು ತೂಕ. ಅಲ್ಲ, ಒಳ್ಳೆಯ ಜನ. ಹುಲಿಗೆವ್ವನಿಗೆ ಮೂರು ದಿನ ಒಂದು ಹೊತ್ತೂ ಉಪವಾಸ ಬೀಳಲು ಬಿಡಲಿಲ್ಲ. ಸಾಂವಕ್ಕ ಬದನೆಕಾಯಿ ಎಣಗಾಯಿ ಮಾಡಿ ತಂದಳು, ಯಾರೋ ಹಾಸಿಗೆ ತಂದರು, ಯಾರೋ ಟೇಬಲ್ ಫ್ಯಾನು ತಂದಿಟ್ಟರು. ಆದರೆ ತಂದವರೆಲ್ಲ ಹೇಳಿದ್ದು ಒಂದೇ ಮಾತು. "ಹೋಗ್ಲಿ ಬಿಡವ್ವ, ದೊಡ್ಡವರ ಜೋಡಿ ಯಾಕ?" "ಸಹಕಾರ ಅನ್ನೂದು ಕೆಟ್ಟ ಮಾತೇನಲ್ಲಲ್ಲ." "ಮನಸ್ಸಿನ್ಯಾಗ ಹೂಂ ಅಂದ್ಕೋ, ನಾ ಸಹಕರಿಸೀನಿ ಅಂತ ನಂಬು, ಕಾಲ ತಾನ ಬಿಡ್ತೈತಿ." ಈ ಕೊನೆಯ ಮಾತು ಹೇಳಿದವರು ನಿವೃತ್ತ ಹೆಡ್ ಮಾಸ್ತರು! ಫ್ಯಾನು ತಂದಿಟ್ಟು ಸೆರೆಮನೆಯನ್ನು ತಂಪು ಮಾಡುವುದು ನಮ್ಮೂರಿಗೆ ಬರುತ್ತದೆ. ಬಾಗಿಲು ತೆಗೆಸುವುದು ಬರುವುದಿಲ್ಲ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನೇ ಪಾರವ್ವನ ಮುಂದೆ ಹಾರಾಡುತ್ತ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಊರಿಗೆ ಬೈಯಾಕ ನಿಮಗ ಬಾಯಿ ಐತೇನ್ರಿ?" ಎಂದಳು. "ಓದಿದವರು ಯಾರು?"

"ಅಚ್ಚಾಗಿ ಬಂದದ್ದ ಓದೀನಿ."

"ಅಚ್ಚಾಗಿ ಬಂದ್ರ ನಿಮ್ಮ ಗಿರಣ್ಯಾಗ ಜ್ವಾಳಕ್ಕ ಗೋಧಿ ಅಂತೀರೇನು?"

ರೊಟ್ಟಿ ಅರ್ಧಕ್ಕೇ ಬಿಟ್ಟೆ. ಎದ್ದು ಗಿರಣಿಗೆ ಹೋದೆ. ಅಷ್ಟರಲ್ಲಿ ರಾಜೇಸಾಬ ಬಂದ. ಪರದೆಗಳು ಪ್ರದರ್ಶನಕ್ಕೆ ಆಯ್ಕೆಯಾದದ್ದಕ್ಕೆ ಭಾನುವಾರ ಸಂಜೆ ರಂಗಮಂದಿರದಲ್ಲೇ ಮೃತ್ಯುಂಜಯನಿಗೆ ಸನ್ಮಾನವಂತೆ. ಶಾಲು, ಹಾರ, ಐನೂರು ಜನರಿಗೆ ಉಪ್ಪಿಟ್ಟು ಕೇಸರಿಬಾತು. ಒಳಗೆ ಒಬ್ಬ ಹೆಂಗಸು ಕೂತಿರುವಾಗಲೇ, ಆಕೆಯ ಎದುರಿಗೇ, ಆಕೆಯ ಪರದೆಗಾಗಿ ಇವನಿಗೆ ಸನ್ಮಾನ!

"ಗದಿಗೆಪ್ಪಣ್ಣ, ವಂದನಾರ್ಪಣೆ ನೀನ ಅಲ್ಲ?" ಎಂದ ರಾಜೇಸಾಬ.

"ಅಲ್ಲ. ನಾ ಆ ಮನಿಶಾನ ಪರವಾಗಿ ಇನ್ನ ಬಾಯಿ ತೆಗ್ಯಂಗಿಲ್ಲ."

"ಮತ್ತ ಯಾರು?"

"ಅಳಿಯ ಮಾಡಬಹುದು. ಅಚ್ಚಾದ ಪಟ್ಟಿ ಇರ್ತೈತಲ್ಲ. ಮೈಕ್ ಸಹಕಾರ ರಾಜೇಸಾಬ, ಅಂತ ಓದ್ತಾನ."

ರಾಜೇಸಾಬ ಚಪ್ಪಲಿ ಮೆಟ್ಟಿಕೊಂಡ. "ಸೋಮವಾರ ನನಗ ಬ್ಯಾರೆ ಊರಾಗ ಮದವಿ ಐತಿ" ಎಂದ. "ನಾ ಮೈಕ್ ತರಂಗಿಲ್ಲ."

ಅವನು ಹೇಳಿದ್ದು ಓಣಿಗೆ ಹರಡಿತು. ಹಾರ ಕಟ್ಟುವವಳು ಹೂವು ಸಿಕ್ಕಿಲ್ಲ ಅಂದಳು. ಖುರ್ಚಿಯವನಿಗೆ ಬೆನ್ನು ಹಿಡಿದುಕೊಂಡಿತು. ಉಪ್ಪಿಟ್ಟಿನವರು ಒಲೆ ಕೆಟ್ಟಿದೆ ಅಂದರು. ಹುಲಿಗೆವ್ವನ ಮೇಲಿನ ಪ್ರೀತಿಗೆ ಹೀಗೆ ಮಾಡಿದರು ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಎಲ್ಲರಿಗೂ ತಂತಮ್ಮ ಕಾಲಿನ ಚಿಂತೆ. ಇರಲಿ. ಮೂರು ದಿನ ಆಕೆಯನ್ನು ನೋಡಿ ಆಗದ ಅರಿವು ತಮ್ಮ ಕಾಲು ನೋಡಿಕೊಂಡಾಗ ಆಯಿತಲ್ಲ, ಅದನ್ನಾದರೂ ತೆಗೆದುಕೊಳ್ಳೋಣ.

ಭಾನುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಸಾಹುಕಾರರು ಒಬ್ಬರೇ ರಂಗಮಂದಿರಕ್ಕೆ ಬಂದರು. ಬಾಗಿಲ ಬಳಿ ಹುಲಿಗೆವ್ವ ಖುರ್ಚಿ ಹಾಕಿಕೊಂಡು, ಬಲಗಾಲು ಹೊಸ್ತಿಲಿಗೆ ಆನಿಸಿ, ಪುಸ್ತಕ ಓದುತ್ತಿದ್ದಳು. ಪಕ್ಕದಲ್ಲಿ ಪಾರವ್ವ ಪ್ರಶ್ನೆ ಕೇಳುತ್ತಿದ್ದಳು. ನಾನು ಕಂಬಕ್ಕೆ ಒರಗಿದ್ದೆ. ಹೊರಗೆ ಭಾನುವಾರದ ಸಂತೆ ತುಂಬಿತ್ತು.

ಸಾಹುಕಾರರು ಹಿಂದೆ ಮುಂದೆ ನೋಡಿ ಬಗ್ಗಿದರು. ಆಕೆಗೂ ನನಗೂ ಪಾರವ್ವನಿಗೂ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ಒಂದೊಂದೇ ಅಕ್ಷರ ಹಲ್ಲಿನ ಸಂದಿನಿಂದ ಕಿತ್ತು ತೆಗೆದಂತೆ, "ಐದೂ ಪರದೆ ಬರೆದ... ಹುಲಿಗೆವ್ವ ಚಿತ್ರಗಾರ ಅವರಿಗೆ... ಸಮಿತಿಯ ಧನ್ಯವಾದ" ಎಂದರು.

ಆನಿಸಿದ್ದ ಕಾಲು ಹೊಸ್ತಿಲ ಮೇಲಿಂದ ಜಾರಿ ಆಚೆ ಮೆಟ್ಟಿಲ ಮೇಲೆ ಬಿತ್ತು.

ಪಾರವ್ವ ನನ್ನ ತೋಳು ಹಿಡಿದಳು. ಸಾಹುಕಾರರು ನೆಟ್ಟಗಾಗಿ, "ಆತಲ್ಲ? ಹೋಗು. ಮೈಕಿನಾಂವಗ, ಹಾರದಾಕಿಗೆ, ಉಪ್ಪಿಟ್ಟಿನವರಿಗೆ ಸಂಜಿ ಸನ್ಮಾನಕ್ಕ ಬರ್ರಿ ಅಂತ ಹೇಳ್ತಾ ಹೋಗು" ಎಂದರು.

ಹುಲಿಗೆವ್ವ ಆಚೆ ಬಿದ್ದ ತನ್ನ ಕಾಲನ್ನು ನೋಡಿದಳು. ಬಿಸಿಲು ಬಿದ್ದಿತ್ತು ಅದರ ಮೇಲೆ. ಬೆರಳು ಒಮ್ಮೆ ಆಡಿಸಿದಳು. ಆಮೇಲೆ ನಿಧಾನವಾಗಿ ಕಾಲನ್ನು ಒಳಗೆ ಎಳೆದುಕೊಂಡು, ಖುರ್ಚಿಯ ಕೆಳಗೆ ಮಡಚಿ ಕೂತಳು.

"ಕೇಳಿಸ್ಲಿಲ್ರಿ ಸಾಹುಕಾರ್ರ."

"ಏನು?"

"ನೀವು ಏನೋ ಅಂದ್ರಿ. ಕೇಳಿಸ್ಲಿಲ್ಲ."

"ಕಾಲ ಬಿಟ್ಟೈತಿ, ಹೋಗು ಮತ್ತ!"

"ಕಾಲಿಗೆ ಕೇಳ್ಸೇತ್ರಿ. ನನಗ ಕೇಳ್ಸಿಲ್ಲ."

ನಾನು ಮುಂದೆ ಬಂದೆ. "ಹುಲಿಗೆವ್ವ, ನಾಳೆ ಹತ್ತೂವರಿಗೆ ಪರೀಕ್ಷೆ ಐತಿ. ಹೊಂಡವ್ವ" ಅಂದೆ. ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪಾರವ್ವ ನನ್ನ ತೋಳನ್ನು ಹಿಂಡಿ, ಸುಮ್ಮನಿರು ಅಂತ ಕಣ್ಣು ಮಾಡಿದಳು.

ಸಾಹುಕಾರರು ಸ್ವಲ್ಪ ಜೋರಾಗಿ ಹೇಳಿದರು. "ಸಂತಿ ಸಪ್ಪಳಾ ಬಾಳ ಐತ್ರಿ" ಎಂದಳು. ಇನ್ನೂ ಜೋರಾಗಿ ಹೇಳಿದರು. "ಪರದೆ ಅಂದ್ರೋ ಪರದೇಶಿ ಅಂದ್ರೋ?" ಸಂತೆಯ ಹತ್ತಿರದ ಅಂಗಡಿಯವರು ಇತ್ತ ತಿರುಗಿದ್ದರು. ಸಾಂವಕ್ಕ ತಕ್ಕಡಿ ಕೆಳಗಿಟ್ಟಳು. ಸಾಹುಕಾರರ ಕುತ್ತಿಗೆಯ ನರ ಉಬ್ಬಿತು. ಸಿಟ್ಟಿಗೋ, ಅಪಮಾನಕ್ಕೋ, ಸಂಜೆಯ ಉಪ್ಪಿಟ್ಟಿನ ಚಿಂತೆಗೋ, ಮಿಲ್ಲಿನ ಭೋಂಗಾದ ಹಾಗೆ ಕೂಗಿಬಿಟ್ಟರು:

"ಐದಕ್ಕ ಐದೂ ಪರದೆ ಬರದಾಕಿ ನೀನ ಹುಲಿಗೆವ್ವಾ! ನನ್ನ ಅಳಿಯ ಒಂದ ಗೆರಿ ಎಳದಿಲ್ಲ! ಸಾಕೇನು?"

ಸಂತೆ ನಿಂತಿತು. ಟೊಮೆಟೋ ಆರಿಸುತ್ತಿದ್ದ ಕೈಗಳು ನಿಂತವು. ಆಮೇಲೆ ಸಾಂವಕ್ಕ, "ನಮಗ ಮೊದಲ ಗೊತ್ತಿತ್ತು ಬಿಡ್ರಿ!" ಎಂದು ಕೂಗಿದಳು. ಅದಕ್ಕೆ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗೊತ್ತಿತ್ತಂತೆ! ಗೊತ್ತಿದ್ದು ಮೂರು ದಿನ ಎಣಗಾಯಿ ತಂದುಕೊಟ್ಟರಂತೆ!

ಸಾಹುಕಾರರು ಗುಂಪನ್ನು ಸೀಳಿಕೊಂಡು ಹೊರಟುಹೋದರು. ಆ ಸಂಜೆ ಸನ್ಮಾನ ನಡೆಯಲಿಲ್ಲ. ಹುಲಿಗೆವ್ವ ಪುಸ್ತಕ, ಹಾಲ್ ಟಿಕೆಟ್ಟು, ಬಣ್ಣದ ಕಲೆಯ ಚೀಲ ಎಲ್ಲ ಎತ್ತಿಕೊಂಡಳು. "ಪರದೆ ಇನ್ನೂ ಅಂವನ ಹೆಸರಲೆ ಅಲ್ಲಿ ತೂಗಾಡಾಕ ಹತ್ತ್ಯಾವ, ಅಲ್ಲೇನಕ್ಕ?" ಎಂದು ಪಾರವ್ವನನ್ನು ಕೇಳಿದಳು.

"ಹೂಂ. ಪ್ರದರ್ಶನದವರಿಗೆ ಪತ್ರ ಬರೀಬೇಕು. ನಾ ಬರದ ಕೊಡ್ತೀನಿ."

"ಯಾರೂ ಬ್ಯಾಡ. ಪತ್ರಲೇಖನ ಪರೀಕ್ಷೆಗೂ ಐತಲ್ಲ. ನಾನ ಬರೀತೀನಿ."

ಹೊಸ್ತಿಲ ಹತ್ತಿರ ಬಂದವಳು ನಿಂತಳು. ಕಾಲು ಹಿಡಿದಿರಲಿಲ್ಲ, ತಾನಾಗಿ ನಿಂತಳು. ನನ್ನ ಕಡೆ ತಿರುಗಿದಳು.

"ಗದಿಗೆಪ್ಪಣ್ಣ, ನೀ?"

ನಾನು ಗಂಟಲು ಸರಿಮಾಡಿಕೊಂಡೆ. ಅಭ್ಯಾಸದ ಬಲ, ಬೆನ್ನು ನೆಟ್ಟಗಾಯಿತು. "ಐದೂ ಪರದೆ ಬರೆದ ಚಿತ್ರಗಾರ ಮನೆತನದ ಹುಲಿಗೆವ್ವ ಅವರಿಗೆ ನನ್ನ ವೈಯಕ್ತಿಕ..."

"ಧನ್ಯವಾದ ಬ್ಯಾಡ" ಎಂದಳು. "ಅದು ಸಾಹುಕಾರ್ರ ಬಾಯಿಂದ ಬಂತು. ನೀ ಸಹಕರಿಸಿದ ಅಂತ ಓದಿದ್ಯಲ್ಲ, ಅದಕ್ಕ ಏನಂತಿ?"

ಹೊರಗೆ ಸಂತೆಯ ಜನ ಕಿವಿ ಇಟ್ಟಿದ್ದರು. ಇಪ್ಪತ್ತೆರಡು ವರ್ಷ ಈ ರಂಗಮಂದಿರದಲ್ಲಿ ಎಷ್ಟು ಸಾವಿರ ಮಾತು ಆಡಿದ್ದೇನೋ ಲೆಕ್ಕವಿಲ್ಲ. ಆಕೆ ಕೇಳುತ್ತಿದ್ದ ಮಾತು ಅವುಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ. ಗಿರಣಿಯ ಸದ್ದನ್ನು ಮೀರುವ ನನ್ನ ಗಂಟಲಿನಿಂದ ಅದು ಎಷ್ಟು ಸಣ್ಣಗೆ ಬಂತೆಂದರೆ ನನಗೇ ನಾಚಿಕೆಯಾಯಿತು.

"ತಪ್ಪಾತವ್ವ."

ಕೇಳಿಸಲಿಲ್ಲ ಅನ್ನುತ್ತಾಳೆ ಅಂತ ಕಾದೆ. ಅನ್ನಲಿಲ್ಲ.

"ಹೂಂ" ಎಂದಳು, ಹೊಸ್ತಿಲು ದಾಟಿದಳು. ಮೆಟ್ಟಿಲು ಇಳಿಯುತ್ತಲೇ ಪುಸ್ತಕ ತೆರೆದು, "ನಡಿ ಯಕ್ಕಾ, ಇನ್ನೂ ಎರಡ ಪದ್ಯ ಬಾಕಿ ಅದಾವ" ಎಂದಳು.